ಎರಡು ಸುತ್ತಿನ ಗಂಟು

ಊಟಕ್ಕ ಕುಂತಾಗ ದವಾಖಾನಿ ಸುದ್ದಿ ತರಬಾರದು,
ಇದು ನಮ್ಮ ಮನಿ ಕಾಯದೆ.
ಅವತ್ತು ವೈಜಿನಾಥ ತಂದ.

ಮೂರು ಸಲ ಕೈ ತೊಳದಿದ್ದ, ಆದ್ರೂ
ಸಾಬೂನಿನ ಕೆಳಗ ಇನ್ನೊಂದು ವಾಸನಿ.
"ಚೌಬಾರಾ ಕಡಿಂದ ಒಂದು ಆಕಳ ಬಂದಿತ್ತು.
ಹೊಟ್ಟಿ ಉಬ್ಬಿ ನಗಾರಿ.
ಡಾಕ್ಟರ್ ಮೇಡಂ ಕೊಯ್ದರು, ನಾ ಬಕೆಟ್ ಹಿಡದೆ.
ಮೊಣಕೈ ತನಕ ಕೈ ಹಾಕಿ ಜಗ್ಗಿದ್ರ
ಬರ್ತದ, ಬರ್ತದ, ಮುಗಿಯಂಗೇ ಇಲ್ಲ.
ಹಾಲಿನ ಪಾಕೀಟು, ಗುಟ್ಕಾ ಚೀಟಿ,
ಭಜಿ ಕಟ್ಟಿದ ಕವರು,
ಯಾರದೋ ಮದುವಿ ಟೇಬಲ್ ಮ್ಯಾಲಿನ ಹಾಳಿ.
ತೂಗಿದ್ವಿ. ಮೂವತ್ತೊಂದು ಕಿಲೊ."

ನಾ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ.
ಮೂವತ್ತೊಂದು ಅಂದ್ರ ನಮ್ಮ ಸುಲೋಚನಾನ ತೂಕ,
ಮೊನ್ನೆ ಸಾಲ್ಯಾಗ ನೋಡಿದ್ದರು.

"ಒಂದು ಗಂಟು ಮಾತ್ರ ಬಿಚ್ಚಿರಲಿಲ್ಲ ನೋಡು"
ಅಂದ, ಉಳ್ಳಾಗಡ್ಡಿ ಕಚ್ಚಿಕೋತ.
"ಎರಡು ಸುತ್ತು ಸುತ್ತಿ, ಕಿವಿ ಒಳಗ ಸಿಗಿಸಿ,
ಮ್ಯಾಲೆ ಮತ್ತೊಂದು.
ಹೊಟ್ಟಿಯೊಳಗಿನ ಬೆಂಕಿಗೂ ಬಗ್ಗಿಲ್ಲ.
ಒಳಗ ಬದನಿಕಾಯಿ ತುಂಬು, ಕರ್ರಗಾಗಿದ್ವು,
ಆದ್ರ ಎಣಿಸಬಹುದಿತ್ತು."

ಕೈ ಅಲ್ಲಿ ನಿಂತಿತು.

ಆ ಗಂಟು ನಮ್ಮತ್ತಿ ಕಲಿಸಿದ್ದು.
ಭಾಲ್ಕಿಯಿಂದ ಹೊಸದಾಗಿ ಬಂದಾಗ
ಬುತ್ತಿ ಅರಿವಿ ಮುಂದಿಟ್ಟು, ನನ್ನ ಬೆರಳು ಹಿಡದು:
ಎರಡು ಸುತ್ತು, ಕಿವಿ ಒಳಗ, ಮ್ಯಾಲೊಂದು.
ಬಂಡಿ ಎಷ್ಟು ಕುಲುಕಿದ್ರೂ ಶೇಂಗಾ ಹಿಂಡಿ ಚೆಲ್ಲಬಾರದು.
ಅರಿವಿ ಹೋತು, ಆಕಿ ಹೋದಳು,
ಗಂಟು ನನ್ನ ಬೆರಳಾಗ ಉಳೀತು.
ದಿನಾ ಮುಂಜಾನೆ ಕಸದ ಕವರಿಗೆ ಹಾಕ್ತಿದ್ದೆ,
ವಾಸನಿ ಹೊರಗ ಬರಬಾರದಂತ.
ಓಣಿ ಮೂಲಿಗೆ ಇಟ್ಟು ಬರ್ತಿದ್ದೆ, ಚೊಕ್ಕ ಮನಸ್ಸಿಂದ.

ಬೀದರದಾಗ ಇಂಥ ಗಂಟು ಹಾಕೋರು
ಬ್ಯಾರೆ ಯಾರೂ ಇಲ್ಲೇನು? ಇರ್ತಾರ.
ಹಂಗಂತ ರಾತ್ರಿಯೆಲ್ಲಾ ಹೇಳಿಕೊಂಡೆ.

ಮುಂಜಾನೆ ನೋಡಿದ್ರ
ಅಡಗಿಮನಿ ಬಾಗಿಲ ಹಿಂದ, ಮೊಳಿಗೆ ನೇತಾಡೋ
ಕವರಿನೊಳಗ ಕವರು, ಅದರೊಳಗ ಕವರು.
ನಮ್ಮ ಮನಿಗೂ ಒಂದು ಹೊಟ್ಟಿ ಇತ್ತು.
ಇಳಿಸಿ ಎಣಿಸಿದೆ. ನೂರಾ ಹದಿನೇಳಕ್ಕ ಬಿಟ್ಟೆ.
ಕೋಟಿ ಮಣ್ಣು ಹಚ್ಚಿದ್ರ ಬಿದರಿ ಹೂಜಿ ಕರ್ರಗಾಗ್ತದ,
ಕಬ್ಬಿಣ ಕೆಂಪಾಗ್ತದ, ಮನಷಾ ಮಣ್ಣೇ ಆಗ್ತಾನ.
ಇದಕ್ಕ ಮಾತ್ರ ಮಣ್ಣಿನ ಗುರ್ತೇ ಇಲ್ಲ.

ವೈಜಿನಾಥನ ಹಳೇ ಖಾಕಿ ಪ್ಯಾಂಟು ಕತ್ತರಿಸಿದೆ.
ಎರಡು ಕಾಲಿಗೆ ಎರಡು ಪಿಶವಿ,
ಕಿಸೆ ಹಂಗೇ ಬಿಟ್ಟೆ, ಚಿಲ್ಲರಕ್ಕ.
"ಭಾಭಿ, ಭಾಯಿಸಾಬರ ಕಾಲಿನ್ಯಾಗ ಟಮಾಟಿ ಹಾಕ್ಲೇನು?"
ಅಂತ ಬಂಡಿ ಮಕ್ಬೂಲ ನಕ್ಕ. ನಾನೂ ನಕ್ಕೆ.
ಎಣ್ಣಿಗೆ ಸ್ಟೀಲ್ ಡಬ್ಬಿ ಒಯ್ದ್ರ ಝರೆಪ್ಪ ಗೊಣಗಿದ,
ಖಾಲಿ ಡಬ್ಬಿ ತೂಕ ದಿನಾ ಯಾರು ಕಳೀತಾರ?
ವಾರ ಆದಮ್ಯಾಲ ತಾನೇ ಮೊಳಿ ತಗೊಂಡು
ತಳಕ್ಕ ಕೆತ್ತಿ ಕೊಟ್ಟ: ೩೪೦.

ಹಾಲಿನ ಪಾಕೀಟು ಇನ್ನಾ ಬಿಟ್ಟಿಲ್ಲ.
ಎಮ್ಮಿ ಹಾಲು ಲೀಟರಿಗೆ ಹದಿನೈದು ಜಾಸ್ತಿ.
ತೊಳದು ಹಗ್ಗಕ್ಕ ಹಾಕ್ತೀನಿ,
ಲಂಗದ ಬಾಜೂಕ ಅವೂ ಒಣಗ್ತಾವ.
ಬೀಗರು ಬಂದ ದಿನ ಪಿಶವಿ ಮರತು
ನಾಕು ಕವರು ಮನಿ ಹೊಕ್ಕವು.
ಒಂದನ್ನೂ ಬೈಲಿಲ್ಲ, ಯಾರನ್ನ ಬೈಲಿ?
ಸಿಪ್ಪಿ, ತುಂಬು ಈಗ ಬಿದಿರ ಪುಟ್ಟಿಯಾಗ, ಬಾಯಿ ತೆರೆದೇ ಇಡ್ತೀನಿ.

ಆ ಆಕಳ ಉಳೀತೇನಂತ ನಾ ಕೇಳಿಲ್ಲ.
ಅವ ಹೇಳಿಲ್ಲ.

ಈಗ ಸುಲೋಚನಾನ ರೊಟ್ಟಿ ಅರಿವಿಯೊಳಗ ಕಟ್ತೀನಿ.
ಮೊದಲ ದಿನ ಉಪಾಸ ಬಂದಳು, ಮಾರಿ ಉಬ್ಬಿಸಿ,
"ಗಂಟು ಟೀಚರಿಗೂ ಬಿಚ್ಚಲಿಕ್ಕೆ ಬರಲಿಲ್ಲ."
ಎದುರು ಕುಂಡ್ರಿಸಿಕೊಂಡೆ. ಆಕಿ ಬೆರಳು ಹಿಡದೆ.
ಸಿಟ್ಟಿಂದ ಜಗ್ಗಬ್ಯಾಡ. ಒಳಗ ಸಿಗಿಸಿದ ಕಿವಿ ಹುಡುಕು.
ಹಾಂ, ಅದೇ. ಮೆಲ್ಲಕ ಎಳಿ.
ತಾನೇ ಬಿಚ್ಚತದ.

ಅರಿವಿ ಆಗಿದ್ರ.